ಮೊದಲು ನೀರು, ಆಮೇಲೆ ಉಳಿದದ್ದು

ರೋಣ, ನರಗುಂದ, ಗಜೇಂದ್ರಗಡದ ಕಡೆ ಬೆಳಗಾಗುವುದೇ ರೊಟ್ಟಿ ಬಡಿಯುವ ಸಪ್ಪಳದೊಂದಿಗೆ. ಆ ಸಪ್ಪಳಕ್ಕೂ ಮೊದಲು ಒಲೆಯ ಮೇಲೆ ಇನ್ನೊಂದು ಕೆಲಸ ನಡೆದಿರುತ್ತದೆ. ಬೋಗಾಣಿಯಲ್ಲಿ ಎಸರು ಕುದಿಯುತ್ತಿರುತ್ತದೆ. ಗೋಧಿ ಹಿಟ್ಟಿಗೆ ಇರುವಂಥ ಅಂಟು ಜೋಳದ ಹಿಟ್ಟಿಗೆ ಇಲ್ಲ. ಕುದಿಯುವ ಎಸರು ಹೊಯ್ದು ನಾದಿದರೇ ಹಿಟ್ಟು ಹದಕ್ಕೆ ಬರುತ್ತದೆ, ರೊಟ್ಟಿ ಬಿರಿಯದೆ ಅಗಲವಾಗುತ್ತದೆ. ಹಾಗಾಗಿ ದಿನಾ ಬೆಳಗ್ಗೆ, ಮನೆಮನೆಯಲ್ಲೂ, ಕುದಿಯುವ ನೀರಿನ ಪಾತ್ರೆಯೊಂದು ಒಲೆಯಿಂದ ಇಳಿದು ಹಿಟ್ಟಿನ ಪರಾತಿನ ಕಡೆಗೆ ಹೋಗುತ್ತದೆ. ನಡುವೆ ಇರುವುದು ಎರಡೇ ಹೆಜ್ಜೆ.

ಆ ಎರಡು ಹೆಜ್ಜೆಯ ನಡುವೆ, ಶಾಲೆಗೆ ಹೊರಟ ಹುಡುಗ "ಅವ್ವಾ, ನನ್ನ ಕಂಪಾಸ್ ಪೆಟಗಿ ಎಲ್ಲೈತಿ?" ಎಂದು ಓಡಿ ಬಂದ ಎಂದುಕೊಳ್ಳಿ. ಬೋಗಾಣಿ ಅಲುಗುತ್ತದೆ. ಎಸರು ಅವನ ತೋಳಿನ ಮೇಲೆ ಬೀಳುತ್ತದೆ.

ಮುಂದಿನದು ನಮಗೆಲ್ಲ ಗೊತ್ತು. ಹುಡುಗ ಚೀರುತ್ತಾನೆ, ಮನೆಯವರೆಲ್ಲ ಓಡಿ ಬರುತ್ತಾರೆ. ಒಬ್ಬರು "ಪೇಸ್ಟ್ ಹಚ್ಚರಿ" ಅನ್ನುತ್ತಾರೆ. ಇನ್ನೊಬ್ಬರು "ಇಂಕ್ ಸುರೀರಿ" ಅನ್ನುತ್ತಾರೆ. ಬಾಜೂ ಮನೆಯವರು ಕೊಬ್ಬರಿ ಎಣ್ಣೆ ಹಿಡಿದು ಬಂದಿರುತ್ತಾರೆ. ಅಜ್ಜಿಯ ಕೈಯಲ್ಲಿ ಆಗಲೇ ಅರಿಷಿಣದ ಡಬ್ಬಿ ಇರುತ್ತದೆ. ಎಲ್ಲರದೂ ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗನ ತೋಳಿಗೆ ಆ ಹೊತ್ತು ಬೇಕಾದ ಔಷಧ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಅದು ಕೊಡದ ನೀರು.

ಈ ವಾರ ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ಓದಬೇಕಾದದ್ದು ಈ ಕೊಡದ ನೀರಿನ ವಿಷಯ.

ಎಂಟು ವರ್ಷದ ಹುಡುಗಿ

ಬೆಂಗಳೂರಿನಲ್ಲಿ ಪ್ರೇಮಾ ಧನರಾಜ್ ಎಂಬ ಹುಡುಗಿ ಇದ್ದಳು. ಅವಳಿಗೆ 8 ವರ್ಷವಾಗಿದ್ದಾಗ ಅಡುಗೆಮನೆಯಲ್ಲಿ ಸ್ಟೋವ್ ಸಿಡಿಯಿತು. ಮುಖ, ಕುತ್ತಿಗೆ ಸೇರಿ ಮೈಯ ಅರ್ಧದಷ್ಟು ಭಾಗ ಸುಟ್ಟಿತು. ಅವಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸೇರಿಸಿದರು. ಒಂದಾದ ಮೇಲೊಂದರಂತೆ ಶಸ್ತ್ರಚಿಕಿತ್ಸೆಗಳು ನಡೆದವು. ಹುಡುಗಿ ಬದುಕಿದಳು.

ಅವಳು ಓದು ಬಿಡಲಿಲ್ಲ. ನಮ್ಮ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರ್ ಆದಳು. ಮುಂದೆ ಲೂಧಿಯಾನದಲ್ಲಿ ಪ್ಲಾಸ್ಟಿಕ್ ಸರ್ಜರಿ ಕಲಿತಳು. ಮಕ್ಕಳೇ, ಈ ಚಿಕಿತ್ಸೆಯಲ್ಲಿ ನಿಮ್ಮ ಟಿಫಿನ್ ಡಬ್ಬಿಯ ಪ್ಲಾಸ್ಟಿಕ್ ಇರುವುದಿಲ್ಲ. ಇದು ‘ರೂಪ ಕೊಡುವುದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು. ಕೆಟ್ಟುಹೋದ ಚರ್ಮ, ಬಾಗಿಹೋದ ಬೆರಳು, ಅಂಟಿಕೊಂಡ ಕುತ್ತಿಗೆಗೆ ಮತ್ತೆ ರೂಪ ಕೊಡುವ ವಿದ್ಯೆ ಅದು. 1989ರಲ್ಲಿ ಡಾ. ಪ್ರೇಮಾ ಅದೇ ವೆಲ್ಲೂರು ಆಸ್ಪತ್ರೆಗೆ ಶಸ್ತ್ರವೈದ್ಯೆಯಾಗಿ ಹೋದರು. ತಾವು ರೋಗಿಯಾಗಿ ಮಲಗಿದ್ದಲ್ಲೇ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಮುಖ್ಯಸ್ಥರಾದರು. 1999ರಲ್ಲಿ ಸುಟ್ಟಗಾಯವಾದವರಿಗಾಗಿ ‘ಅಗ್ನಿ ರಕ್ಷಾ’ ಎಂಬ ಸಂಸ್ಥೆ ಕಟ್ಟಿದರು. 2024ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಪ್ರಕಟಿಸಿತು.

ಆ ಹುಡುಗಿಗೆ ಆದದ್ದು ಅವಳೊಬ್ಬಳಿಗೇ ಆದದ್ದಲ್ಲ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಸಾಧಾರಣದಿಂದ ತೀವ್ರ ಸ್ವರೂಪದ ಸುಟ್ಟಗಾಯಗಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಂಗಸರಿಗೆ, ಮಕ್ಕಳಿಗೆ ಹೆಚ್ಚಾಗಿ ಸುಡುವುದು ಮನೆಯ ಅಡುಗೆಮನೆಯಲ್ಲೇ. ಬಿಸಿ ಪಾತ್ರೆ ಮಗುಚುವುದು, ಬೆಂಕಿ ತಗಲುವುದು, ಸ್ಟೋವ್ ಸಿಡಿಯುವುದು ಇದಕ್ಕೆ ಕಾರಣ.

ಇಳಿಸಿದ ಮೇಲೂ ಬೇಯುವ ಹಂಚು

ಸುಟ್ಟಾಗ ಚರ್ಮದೊಳಗೆ ಏನಾಗುತ್ತದೆ? ಅದನ್ನು ತಿಳಿಯಲು ರೊಟ್ಟಿಯ ಹಂಚನ್ನೇ ನೋಡಿ. ಒಲೆ ಆರಿಸಿದ ಕೂಡಲೇ ಹಂಚು ತಣ್ಣಗಾಗುವುದಿಲ್ಲ. ಜಾಣ ಅಜ್ಜಿ ಗ್ಯಾಸ್ ಬಂದ್ ಮಾಡಿದ ಮೇಲೂ ಅದೇ ಹಂಚಿನ ಮೇಲೆ ಕಡೆಯ ರೊಟ್ಟಿಯನ್ನು ಕಟಿ ಮಾಡುತ್ತಾಳೆ. ನಮ್ಮ ಚರ್ಮವೂ ಹಾಗೆಯೇ. ಎಸರು ಮೈಮೇಲಿಂದ ಜಾರಿ ಹೋದರೂ ಅದರ ಬಿಸಿ ಚರ್ಮದ ಒಳಗೆ ಉಳಿದಿರುತ್ತದೆ. ಅದು ಇನ್ನೂ ಕೆಳಗಿನ ಪದರಕ್ಕೆ ಇಳಿಯುತ್ತ ಸುಡುತ್ತಲೇ ಇರುತ್ತದೆ. ನೀರು ಹೊಯ್ಯುವುದು ಈ ಒಳಗಿನ ಬಿಸಿಯನ್ನು ಹೊರಗೆ ಎಳೆಯಲಿಕ್ಕೆ.

ಬಿಸಿಯ ಲೆಕ್ಕವನ್ನೂ ನೋಡೋಣ. ಕುದಿಯುವ ಎಸರಿನ ಬಿಸಿ ಸುಮಾರು 100 ಡಿಗ್ರಿ. ಮಿರ್ಚಿ ಕರಿಯುವ ಎಣ್ಣೆಯದು ಸುಮಾರು 180 ಡಿಗ್ರಿ. ಉಂಡಿಗೆ ಕಾಯಿಸಿದ ಬೆಲ್ಲದ ಪಾಕ 100 ಡಿಗ್ರಿಯನ್ನೂ ದಾಟುತ್ತದೆ, ಸಾಲದೆಂಬಂತೆ ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ. ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಬರೀ 60 ಡಿಗ್ರಿಯ ನೀರು ಸಾಕು, ಅದೂ ಸುಮಾರು 5 ಸೆಕೆಂಡಿನಲ್ಲಿ. ಈಗಷ್ಟೇ ಸೋಸಿದ ಚಹಾ ಅದಕ್ಕಿಂತ ಬಿಸಿ ಇರುತ್ತದೆ.

ಮಕ್ಕಳ ಚರ್ಮ ತೆಳ್ಳಗೆ ಇರುತ್ತದೆ. ವಯಸ್ಸಾದವರ ಚರ್ಮವೂ ತೆಳುವಾಗಿರುತ್ತದೆ, ಮೇಲಾಗಿ ಬಿಸಿ ತಗಲಿದ್ದು ಗೊತ್ತಾಗುವುದೂ ತಡ, ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ತಡ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದ ಅಜ್ಜನಿಗೆ ಹಂಡೆಯ ನೀರು ಎಷ್ಟು ಬಿಸಿ ಇದೆ ಎಂಬುದೇ ತಿಳಿಯದಿರಬಹುದು. ಮನೆಯಲ್ಲಿ ಎಲ್ಲರಿಗಿಂತ ಬೇಗ ಸುಡುವುದು ಈ ಇಬ್ಬರಿಗೇ, ಅಜ್ಜ-ಅಜ್ಜಿಗೆ ಮತ್ತು ಮೊಮ್ಮಕ್ಕಳಿಗೆ.

ಇಪ್ಪತ್ತು ನಿಮಿಷದ ಕೆಲಸ

ಹಾಗಾದರೆ ಏನು ಮಾಡಬೇಕು? ಕ್ರಮವಾಗಿ ನೋಡಿ.

ಮೊದಲು ಸುಟ್ಟವರನ್ನು ಬಿಸಿಯಿಂದ ದೂರ ಕರೆತನ್ನಿ. ಒಲೆ ಆರಿಸಿ.

ಸುಟ್ಟ ಜಾಗದ ಮೇಲೆ ತಣ್ಣೀರು ಬಿಡಲು ಶುರು ಮಾಡಿ. ನಳದ ನೀರು, ಕೊಡದ ನೀರು, ಸ್ವಚ್ಛವಾದ ಯಾವ ನೀರಾದರೂ ನಡೆಯುತ್ತದೆ. ಗಡಿಯಾರ ನೋಡಿ 20 ನಿಮಿಷ ಬಿಡಿ. ಎರಡು ನಿಮಿಷಕ್ಕೇ ಉರಿ ಕಡಿಮೆಯಾದಂತೆ ಅನ್ನಿಸುತ್ತದೆ. "ಸಾಕ್ ಬಿಡು, ಆರಾಮಾತು" ಎಂದು ಕೈ ತೆಗೆಯಬೇಡಿ. ಮೇಲಿನ ಉರಿ ಇಳಿದರೂ ಒಳಗಿನ ಬಿಸಿ ಇಳಿದಿರುವುದಿಲ್ಲ.

ನೀರು ಬೀಳುತ್ತಿರುವಾಗಲೇ ಎಸರು ಕುಡಿದ ಅಂಗಿಯನ್ನು ಬಿಚ್ಚಿ. ಒದ್ದೆ ಬಟ್ಟೆ ಬಿಸಿಯನ್ನು ಹಿಡಿದುಕೊಂಡೇ ಇರುತ್ತದೆ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ, ಸುತ್ತಲಿನದನ್ನು ಕತ್ತರಿಸಿ ತೆಗೆಯಿರಿ. ಬಳೆ, ಉಂಗುರ, ಕೈಗಡಗ, ಕಾಲ್ಗೆಜ್ಜೆ, ಕೈಗಡಿಯಾರ ತೆಗೆದುಬಿಡಿ. ಸ್ವಲ್ಪ ಹೊತ್ತಿಗೆಲ್ಲ ಸುಟ್ಟ ಜಾಗ ಬಾಯುತ್ತದೆ. ಆಗ ಬಳೆಯೇ ಉರುಲಿನಂತೆ ಬಿಗಿಯುತ್ತದೆ. ಸೊಂಟದ ಹತ್ತಿರ ಸುಟ್ಟಿದ್ದರೆ ಉಡದಾರವನ್ನೂ ಮರೆಯದೆ ತೆಗೆಯಿರಿ.

ನಮ್ಮ ಎರೆ ಸೀಮೆಯಲ್ಲಿ "ನಳಕ್ಕ ನೀರ ದಿನಾ ಬರಂಗಿಲ್ರೀ, 20 ನಿಮಿಷ ಎಲ್ಲಿಂದ ಬಿಡೋದು?" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಳ ಬಂದಿಲ್ಲವಾದರೆ ಚರಗಿಯಿಂದ ಸಣ್ಣ ಧಾರೆಯಾಗಿ ಹೊಯ್ಯಿರಿ. ಅದೂ ಸಾಲದಿದ್ದರೆ ಸುಟ್ಟ ಕೈಯನ್ನು ಸ್ವಚ್ಛ ನೀರಿನ ಬಕೆಟ್ಟಿನಲ್ಲಿ ಇಳಿಬಿಡಿ. ತೋಳು, ಬೆನ್ನು ಸುಟ್ಟಿದ್ದರೆ ಸ್ವಚ್ಛ ಹತ್ತಿ ಅರಿವೆಯನ್ನು ತಣ್ಣೀರಿನಲ್ಲಿ ಅದ್ದಿ ಹಾಕಿ, ಬೆಚ್ಚಗಾದ ಕೂಡಲೇ ಮತ್ತೆ ಅದ್ದಿ ಹಾಕುತ್ತ ಇರಿ. ಅಡುಗೆಮನೆಯಲ್ಲಿ ಒಂದು ಕೊಡ ನೀರು ಯಾವಾಗಲೂ ತುಂಬಿರಬೇಕು ಎಂದು ಹಿರಿಯರು ಹೇಳುತ್ತಿದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಗಾಬರಿಯಲ್ಲಿ ಮೊದಲು ನೀರು ಹಾಕುವುದು ಮರೆತೇ ಹೋಗಿದ್ದರೆ, ಸುಟ್ಟು 3 ಗಂಟೆಯೊಳಗೆ ನೆನಪಾದರೂ 20 ನಿಮಿಷ ನೀರು ಬಿಡಿ, ಪ್ರಯೋಜನವಿದೆ. ಮಂಜುಗಡ್ಡೆ ಮಾತ್ರ ಬೇಡ. ಅದು ರಕ್ತದ ಹರಿವನ್ನು ತಡೆದು ನೊಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಸಣ್ಣ ಕೂಸಿಗೆ ಮೈಯ ಬಹಳ ಭಾಗ ಸುಟ್ಟಿದ್ದರೆ ಸುಟ್ಟಲ್ಲಿ ಮಾತ್ರ ನೀರು ಬಿಟ್ಟು, ಉಳಿದ ಮೈಗೆ ಬೆಚ್ಚಗೆ ಹೊದಿಸಿ. ಕೂಸು ನಡುಗತೊಡಗಿದರೆ ನೀರು ನಿಲ್ಲಿಸಿ ಆಸ್ಪತ್ರೆಗೆ ನಡೆಯಿರಿ.

ನೀರಿನ ಕೆಲಸ ಮುಗಿದ ಮೇಲೆ ಸ್ವಚ್ಛವಾದ, ನೂಲು ಬಿಡದ ಬಟ್ಟೆಯನ್ನು ಗಾಯದ ಮೇಲೆ ಸಡಿಲವಾಗಿ ಹೊದಿಸಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಬೊಬ್ಬೆಯ ಮೇಲಿನ ಚರ್ಮವೇ ಗಾಯಕ್ಕೆ ದೇವರು ಕೊಟ್ಟ ಪಟ್ಟಿ.

ಅಜ್ಜಿ, ಅರಿಷಿಣ ಯಾಕೆ ಬೇಡ?

ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಪೇಸ್ಟ್, ಇಂಕ್, ಎಣ್ಣೆ, ತುಪ್ಪ, ಸುಣ್ಣ, ಹಿಟ್ಟು, ಅರಿಷಿಣ ಇವೆಲ್ಲ ಬೇರೆ ಬೇರೆ ಪದಾರ್ಥ. ಆದರೆ ಹಸಿ ಸುಟ್ಟಗಾಯದ ಮೇಲೆ ಇವು ಮಾಡುವ ಕೆಡುಕು ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಎಣ್ಣೆ ತುಪ್ಪದಂಥ ಜಿಡ್ಡು ಮೇಲೆ ಮುಚ್ಚಳದಂತೆ ಕೂತು ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಎರಡನೆಯದು, ಸುಟ್ಟ ಚರ್ಮ ಬಾಗಿಲಿಲ್ಲದ ಮನೆಯಂತೆ. ಡಬ್ಬಿಯಲ್ಲಿನ ಹಿಟ್ಟು, ಪುಡಿಯ ಜೊತೆ ಬಂದ ರೋಗಾಣು ಸೀದಾ ಒಳಗೆ ಹೋಗುತ್ತದೆ. ಸುಣ್ಣವಂತೂ ತಾನೇ ಚರ್ಮವನ್ನು ಸುಡುವ ಪದಾರ್ಥ. ಮೂರನೆಯದು, ಇಂಕ್ ಅಥವಾ ಅರಿಷಿಣ ಬಳಿದ ಮೇಲೆ ಗಾಯದ ನಿಜವಾದ ಬಣ್ಣ ಡಾಕ್ಟರಿಗೆ ಕಾಣುವುದಿಲ್ಲ. ಗಾಯ ಕೆಂಪಿದೆಯೋ ಬಿಳಿಚಿದೆಯೋ ಎಂಬುದರ ಮೇಲೆಯೇ ಅದು ಎಷ್ಟು ಆಳ ಎಂದು ಅವರು ಅಳೆಯುತ್ತಾರೆ. ಹಚ್ಚಿದ್ದನ್ನೆಲ್ಲ ಅವರು ಮತ್ತೆ ತೊಳೆದು, ಉಜ್ಜಿ ತೆಗೆಯಬೇಕಾಗುತ್ತದೆ. ಆ ನೋವು ಉಣ್ಣುವುದು ಮಗುವೇ.

ಹಾಗೆಂದು ಅಜ್ಜಿಯ ತಿಳಿವಳಿಕೆಯೆಲ್ಲ ಹಳತಾಯಿತು ಎನ್ನುವಂತಿಲ್ಲ. ಒಲೆಯ ಮುಂದೆ ಕೂರುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು, ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುವುದು, ಅಡುಗೆಗೆ ನೂಲಿನ ಸೀರೆ ಉಡುವುದು ಇವೆಲ್ಲ ಬೆಂಕಿಯ ಸಂಗಡ ಬಾಳಿದವರು ಕಂಡುಕೊಂಡದ್ದು. ಗಜೇಂದ್ರಗಡ ನೇಕಾರರ ಊರು, ನೂಲಿನ ಬೆಲೆ ಅಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ನೂಲಿಗೂ ಬೆಂಕಿ ಹತ್ತುತ್ತದೆ, ಆದರೆ ನೈಲಾನ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತವೆ. ಆದ್ದರಿಂದ ಒಲೆಯ ಮುಂದೆ ನೈಲಾನ್ ಸೀರೆ, ಜೋಲಾಡುವ ದುಪಟ್ಟಾ ಬೇಡ. ಅಜ್ಜಿಯ ಈ ಪಾಠಗಳೆಲ್ಲ ಇರಲಿ. ಅರಿಷಿಣದ ಡಬ್ಬಿಯ ಜಾಗಕ್ಕೆ ಮಾತ್ರ ಕೊಡದ ನೀರು ಬರಲಿ.

ಆಸ್ಪತ್ರೆಗೆ ಯಾವಾಗ?

ಸುಟ್ಟವರ ಅಂಗೈಗಿಂತ ದೊಡ್ಡ ಗಾಯವಾಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಅವರದೇ ಅಂಗೈಯನ್ನು ಬೆರಳು ಸಮೇತ ಲೆಕ್ಕ ಹಿಡಿದರೆ ಅದು ಅವರ ಮೈಯ ನೂರರಲ್ಲಿ ಸುಮಾರು ಒಂದು ಪಾಲು. ಮುಖ, ಕೈ, ಪಾದ, ಮೊಣಕಾಲು, ಮೊಣಕೈ, ಗುಪ್ತಾಂಗದ ಹತ್ತಿರ ಸುಟ್ಟಿದ್ದರೆ ಗಾಯ ಸಣ್ಣದಿದ್ದರೂ ತೋರಿಸಿ. ಕರೆಂಟಿನಿಂದ ಸುಟ್ಟಿದ್ದರೆ, ಹೊಗೆ ಕುಡಿದಿದ್ದರೆ, ಸುಟ್ಟವರು ಕೂಸು ಅಥವಾ ವಯಸ್ಸಾದವರಾಗಿದ್ದರೆ ತಡ ಮಾಡಬೇಡಿ. ಇನ್ನೊಂದು ಮಾತು ನೆನಪಿಡಿ. ಚರ್ಮ ಬೆಳ್ಳಗೆ ಅಥವಾ ಕಪ್ಪಾಗಿದ್ದು ನೋವೇ ಇಲ್ಲದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಗಾಯ ಆಳಕ್ಕೆ ಇಳಿದು ನರಗಳೂ ಸುಟ್ಟಿವೆ ಎಂದು ಅದರ ಅರ್ಥ.

108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕರ್ನಾಟಕದಲ್ಲಿ 2008ರಿಂದ ಇರುವ ಈ ಸೇವೆಗೆ ದುಡ್ಡು ಕೊಡಬೇಕಿಲ್ಲ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಸರ್ಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಗದುಗಿನ ಜಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಗೆ ಕಳಿಸುತ್ತಾರೆ. ಗಜೇಂದ್ರಗಡದಿಂದ ಗದುಗಿಗೆ ಸುಮಾರು 50 ಕಿಲೋಮೀಟರ್ ದಾರಿ. ಅಷ್ಟು ದೂರ ಹೋಗುವ ಮಗುವಿಗೆ ಮನೆಯಲ್ಲಿ ಆದ 20 ನಿಮಿಷದ ಆರೈಕೆಯೇ ದೊಡ್ಡ ಆಸರೆ. ಆಸ್ಪತ್ರೆಯಲ್ಲಿ ಧನುರ್ವಾಯು ಇಂಜೆಕ್ಷನ್ ಬಗ್ಗೆ ಕೇಳುವುದನ್ನು ಮರೆಯಬೇಡಿ.

ಸುಡದಂತೆ ಅಡುಗೆ

ಮಳೆಗಾಲದ ಸಂಜೆ ಗಿರ್ಮಿಟ್ಟಿನ ಜೊತೆ ಮಿರ್ಚಿ ಇರಲೇಬೇಕು. ಇಡೀ ಮೆಣಸಿನಕಾಯಿಯನ್ನು ಸೀಳದೆ ಎಣ್ಣೆಗೆ ಬಿಟ್ಟರೆ ಒಳಗಿನ ನೀರು ಉಗಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ ಸಿಡಿಯುತ್ತದೆ. ಒಂದು ಸೀಳು ಹಾಕಿದರೆ ಉಗಿಗೆ ದಾರಿಯಾಗುತ್ತದೆ. ಒದ್ದೆ ಸೌಟನ್ನು ಕಾದ ಎಣ್ಣೆಗೆ ಇಳಿಸಬೇಡಿ.

ಎಣ್ಣೆಗೇ ಬೆಂಕಿ ಹತ್ತಿದರೆ? ಇಲ್ಲಿ ಮಾತ್ರ ನೀರು ನಮ್ಮ ಶತ್ರು. ನೀರು ಎಣ್ಣೆಗಿಂತ ಭಾರ. ಅದು ಕಾದ ಎಣ್ಣೆಯ ತಳಕ್ಕೆ ಇಳಿದು, ಅಲ್ಲಿ ಒಮ್ಮೆಲೇ ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಅದು ಮಾಡಿನವರೆಗೆ ಎರಚುತ್ತದೆ. ಗ್ಯಾಸ್ ಬಂದ್ ಮಾಡಿ, ಕಡಾಯಿಯ ಮೇಲೆ ದೊಡ್ಡ ಮುಚ್ಚಳ ಜಾರಿಸಿ ಮುಚ್ಚಿ, ಅಲ್ಲೇ ಬಿಡಿ. ಕಡಾಯಿ ಎತ್ತಿಕೊಂಡು ಹೊರಗೆ ಓಡಬೇಡಿ. ಮಕ್ಕಳೇ, ನಿಮ್ಮ ಕೆಲಸ ದೊಡ್ಡವರನ್ನು ಕೂಗುವುದು, ಬೆಂಕಿಯ ಹತ್ತಿರ ಹೋಗುವುದಲ್ಲ.

ನಾಗರ ಪಂಚಮಿ ಬಂತೆಂದರೆ ಉಂಡಿಗಳ ಸಡಗರ. ಪಾಕ ಬಿಸಿ ಇರುವಾಗಲೇ ಕಟ್ಟಬೇಕು ನಿಜ. ಆದರೆ ಪಾಕದ ಪಾತ್ರೆ ನೆಲದ ಮೇಲಿದ್ದಾಗ ಅಂಬೆಗಾಲಿಡುವ ಕೂಸು ಅದೇ ಕೋಣೆಯಲ್ಲಿ ಬಿಡಾಡಿಯಾಗಿ ಇರಬಾರದು. ಚಹಾದ ಕಪ್ಪು ಕೈಯಲ್ಲಿದ್ದಾಗ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಪಾತ್ರೆಯ ಹಿಡಿಕೆ ಕಟ್ಟೆಯ ಒಳಗಿನ ಕಡೆಗೆ ತಿರುಗಿರಲಿ. ಹತ್ತಿ ಕಟ್ಟಿಗೆಯ ಒಲೆಯಾದರೆ ಹೊರಗೆ ಚಾಚಿದ ಕಟ್ಟಿಗೆಗೆ ಯಾರೂ ಎಡವದಂತೆ ಒಳಗೆ ಸರಿಸುತ್ತ ಇರಿ. ಬಚ್ಚಲಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು ಹಾಕಿ. ಕುಕ್ಕರಿನ ಉಗಿ ಪೂರ್ತಿ ಇಳಿಯುವ ಮೊದಲು ಮುಚ್ಚಳಕ್ಕೆ ಕೈ ಹಚ್ಚಬೇಡಿ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲ. ನಮಗೆ ಬರುವ ಕೆಟ್ಟ ನಾತ ಸೋರಿದ್ದು ಗೊತ್ತಾಗಲಿ ಎಂದೇ ಬೆರೆಸಿದ್ದು. ನಾತ ಬಂದರೆ ಲೈಟು, ಫ್ಯಾನಿನ ಯಾವ ಸ್ವಿಚ್ಚನ್ನೂ ಒತ್ತಬೇಡಿ, ಆರಿಸಲಿಕ್ಕೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು.

ಮಕ್ಕಳಿಗೆ ಒಂದು ಪತ್ತೇದಾರಿ ಕೆಲಸ. ಸಿಲಿಂಡರಿನ ಹಿಡಿಕೆಯ ಒಳಭಾಗದಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ಎರಡು ಅಂಕಿ ಬರೆದಿರುತ್ತವೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಂಕಿ ವರ್ಷವನ್ನು ಹೇಳುತ್ತದೆ. ‘ಬಿ 29’ ಎಂದಿದ್ದರೆ 2029ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ನಿಮ್ಮ ಮನೆಯದು ಓದಿ ನೋಡಿ. ಅವಧಿ ಮೀರಿದ್ದರೆ ಬದಲಿಸಿ ಕೊಡಲು ಕೇಳಿ ಎಂದು ದೊಡ್ಡವರಿಗೆ ತಿಳಿಸಿ.

ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿ ಸಿಕ್ಕು ಬೆಂಕಿ ಹೆಚ್ಚುತ್ತದೆ. ನಿಲ್ಲು, ಮಲಗು, ಉರುಳು. ಮುಖವನ್ನು ಕೈಯಿಂದ ಮುಚ್ಚಿಕೊಂಡು ನೆಲದ ಮೇಲೆ ಉರುಳಬೇಕು. ಹತ್ತಿರದವರು ದಪ್ಪ ಉಣ್ಣೆಯ ಕಂಬಳಿ ಹೊದಿಸಿ ಬೆಂಕಿ ನಂದಿಸಬೇಕು. ನಂದಿದ ಕೂಡಲೇ ಕಂಬಳಿ ತೆಗೆದು ನೀರು ಹಾಕಬೇಕು.

ಗಾಯ ಮಾಯ್ದ ಮೇಲೆ

ಸುಟ್ಟಗಾಯ ಮಾಯುವಾಗ ಚರ್ಮ ಬಿಗಿಯುತ್ತದೆ. ಬೆರಳು, ಕುತ್ತಿಗೆ ಬಾಗಿಸಲು ಬಾರದಂತಾಗಬಹುದು. ಡಾಕ್ಟರು ಹೇಳಿದ ವ್ಯಾಯಾಮವನ್ನು ನೋವಾದರೂ ಬಿಡದೆ ಮಾಡಿಸಬೇಕು. ಇದು ಅಜ್ಜ-ಅಜ್ಜಿ ಪಕ್ಕದಲ್ಲಿ ಕೂತು, ಕಥೆ ಹೇಳುತ್ತ ಮಾಡಿಸಬಹುದಾದ ಕೆಲಸ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಸುಟ್ಟ ಕಲೆ ಇರುವ ಗೆಳೆಯ ಅಥವಾ ಗೆಳತಿ ಇರಬಹುದು. ಆ ಕಲೆ ಅಂಟುರೋಗವಲ್ಲ, ಯಾರ ತಪ್ಪಿನ ಗುರುತೂ ಅಲ್ಲ. ಅದನ್ನೇ ದಿಟ್ಟಿಸಬೇಡಿ, ಅಡ್ಡಹೆಸರು ಇಡಬೇಡಿ. ಆಟಕ್ಕೆ ಕರೆಯಿರಿ, ಊಟದ ಬಿಡುವಿನಲ್ಲಿ ಪಕ್ಕ ಕೂರಿ. ಡಾ. ಪ್ರೇಮಾ ಅವರೂ ಸುಟ್ಟ ಮುಖದೊಂದಿಗೇ ಶಾಲೆಯ ಬೆಂಚಿನ ಮೇಲೆ ಕೂತು ಓದಿದವರು.

ಬರುವ ಭಾನುವಾರ ಒಂದು ಕೆಲಸ ಮಾಡಿ. ಅಜ್ಜಿ ರೊಟ್ಟಿ ಬಡಿಯಲಿ. ಮೊಮ್ಮಕ್ಕಳು ಸ್ವಲ್ಪ ದೂರ ಕೂತು ಗಡಿಯಾರ ನೋಡಲಿ. 20 ನಿಮಿಷದಲ್ಲಿ ಎಷ್ಟು ರೊಟ್ಟಿ ಆದವು ಎಂದು ಎಣಿಸಿ. ಒಂದು ಮನೆಯಲ್ಲಿ ಎಂಟು, ಇನ್ನೊಂದರಲ್ಲಿ ಹನ್ನೆರಡು ಆಗಬಹುದು. ಯಾರಿಗಾದರೂ ಸುಟ್ಟರೆ ಅಷ್ಟು ರೊಟ್ಟಿ ಆಗುವಷ್ಟು ಹೊತ್ತು ನೀರು ಬಿಡಬೇಕು ಎಂದು ಮನೆಯವರಿಗೆಲ್ಲ ಹೇಳಿ. ಆಮೇಲೆ ಅಡುಗೆಮನೆಯ ಗೋಡೆಯ ಮೇಲೆ, ಅಜ್ಜಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದಿಡಿ: ನೀರು 20 ನಿಮಿಷ, ಆಂಬುಲೆನ್ಸ್ 108, ಗ್ಯಾಸ್ 1906. ಬರೆದಾದ ಮೇಲೆ ಮೂಲೆಯ ಕೊಡ ತುಂಬಿದೆಯೇ ನೋಡಿ.